ನಡುಸಾಲಿನ ತುಂಡು

ಮೂರನೆಯ ತುಂಡೂ ಪಾಸಾಯಿತು. ಲಕ್ಷ್ಮೀದೇವಿ ಮಸೂರದಿಂದ ಕಣ್ಣು ತೆಗೆದು, ಮತ್ತೆ ಇಟ್ಟು, ಉಕ್ಕಿನ ಗುಂಡು ಒತ್ತಿದ ಗುಳಿಯ ಅಗಲವನ್ನು ಇನ್ನೊಮ್ಮೆ ಅಳೆದಳು. ಪಟ್ಟಿಯ ಮೇಲೆ ಬೆರಳಿಟ್ಟು ಹುಡುಕಿದಳು. ತೊಂಬತ್ತಾರು. ಗಟ್ಟಿತನ ತೊಂಬತ್ತೈದಕ್ಕಿಂತ ಕೆಳಗಿಳಿಯಬಾರದು ಎಂಬುದು ಗಿರಾಕಿ ಕಂಪನಿಯ ಷರತ್ತು. ಮೊದಲೆರಡು ತುಂಡುಗಳು ತೊಂಬತ್ತೇಳು, ತೊಂಬತ್ತಾರು ಬಂದಿದ್ದವು. ಬೈಕಿನಲ್ಲಿ ಹಿಂದೆ ಕೂತವರು ಕಾಲಿಡುವ ಕಂಬಿಯನ್ನು ಹಿಡಿದುಕೊಳ್ಳುವ ಅಲ್ಯೂಮಿನಿಯಂ ಬ್ರಾಕೆಟ್‌ಗಳು ಅವು. ಒಟ್ಟು ನಾನೂರು. ಮೂರು ಪಾಸಾದರೆ ನಾನೂರೂ ಪಾಸು.

ಗೋಡೆಯ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು. ಈಗ ಸಹಿ ಹಾಕಿದರೆ ಹನ್ನೊಂದರ ಬಸ್ಸು ಸಿಗುತ್ತದೆ, ಹನ್ನೆರಡರೊಳಗೆ ಮಧುಗಿರಿ ಬಸ್‌ಸ್ಟ್ಯಾಂಡು. ಅತ್ತೆ ರಾಮಾಂಜಿನಮ್ಮ ಕಣ್ಣು ತೋರಿಸಿಕೊಳ್ಳಲು ಪಾವಗಡದ ಕಡೆಯಿಂದ ಬಂದಿದ್ದಳು. ಜೊತೆಗೆ ಮೋನಿಷ. ಮಗಳನ್ನು ನೋಡಿ ದಸರೆಯಿಂದೀಚೆಗೆ ಆರು ತಿಂಗಳಾಗಿತ್ತು. ಇಬ್ಬರನ್ನೂ ಊಟಕ್ಕೆ ಕರೆದುಕೊಂಡು ಹೋಗಬೇಕು, ಒಂದು ಚೂಡಿದಾರ್ ಕೊಡಿಸಬೇಕು, ಆಮೇಲೆ ಕೊರಟಗೆರೆಯ ರೂಮು ತೋರಿಸಬೇಕು. ಹೊಸ ರೂಮು. ಕಿಟಕಿ ಪಕ್ಕಕ್ಕೆ ಮೇಜು ಹಾಕಿಸಿದ್ದಳು. ಅಲ್ಲಿ ಕೂರಿಸಿ ಕೇಳಬೇಕು, ಜೂನಿನಿಂದ ನನ್ನ ಜೊತೆ ಇರ್ತೀಯಾ ಅಂತ. ಈ ಒಂದು ಸಾಲನ್ನು ಅವಳು ಸ್ನಾನ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ, ಬೇರೆ ಬೇರೆ ದನಿಯಲ್ಲಿ ಹೇಳಿ ನೋಡಿಕೊಂಡಿದ್ದಳು. ಅತ್ತೆ ಫೋನಿನಲ್ಲಿ ಒಪ್ಪಿದ್ದಳು: "ಮಗೀನೇ ಬಂದು ನೋಡ್ಲಿ ಕಣಮ್ಮ. ಅದು ಹೂಂ ಅಂದ್ರೆ ಟೀಸಿ ಬರೆಸ್ಕೊಡ್ತೀನಿ. ನಂದೇನೂ ಅಡ್ಡಿಲ್ಲ."

"ಆಯ್ತಲ್ಲಕ್ಕ, ಇನ್ನೇನು? ಸೈನ್ ಹಾಕಿ, ಹೊರಡಿ," ಎಂದ ತಿಪ್ಪೇಶ. ಫರ್ನೇಸು ನೋಡಿಕೊಳ್ಳುವವನು ಅವನು. ಅವಳ ರಜೆಯ ವಿಷಯ ಇಡೀ ಶೆಡ್ಡಿಗೇ ಗೊತ್ತಿತ್ತು.

ಲಕ್ಷ್ಮೀದೇವಿ ಪೆನ್ನು ತೆಗೆದಳು, ಮುಚ್ಚಳ ಬಿಚ್ಚಲಿಲ್ಲ. ಈ ಬ್ರಾಕೆಟ್ ಯಾವಾಗಲೂ ನೂರಾ ನಾಲ್ಕು, ನೂರಾ ಐದು ಬರುತ್ತಿತ್ತು. ಇವತ್ತು ಮೂರೂ ಅಂಚಿನಲ್ಲಿ ನಿಂತಿದ್ದವು.

"ಇವನ್ನ ಎಲ್ಲಿಂದ ತಂದೆ?"

"ಟ್ರೇಯಿಂದ."

"ಟ್ರೇಯಲ್ಲಿ ಎಲ್ಲಿಂದ?"

"ಬಾಗ್ಲ ಕಡೆಯಿಂದ. ಕೈಗೆ ಸಿಕ್ಕಿದ್ದು ತಂದೆ. ಬ್ರಾಕೆಟ್ಟಿಗೂ ಜಾತ್ಕ ನೋಡ್ಬೇಕಾ ಅಕ್ಕ?"

ಫರ್ನೇಸಿನೊಳಗೆ ಬಾಗಿಲ ಕಡೆ ಬಿಸಿ ಸ್ವಲ್ಪ ಕಡಿಮೆ. ಅವಳೇ ಎದ್ದು ಹೋಗಿ ಟ್ರೇಯ ನಡುಸಾಲಿನಿಂದ ಎರಡು ತುಂಡು ಆರಿಸಿ ತಂದಳು. ಮೊದಲನೆಯದನ್ನು ಯಂತ್ರದ ಕೆಳಗಿಟ್ಟು ಲಿವರ್ ಎಳೆದಳು. ಗುಳಿ ಬರಿಗಣ್ಣಿಗೇ ದೊಡ್ಡದಾಗಿ ಕಂಡಿತು. ಗುಳಿ ದೊಡ್ಡದಾದಷ್ಟೂ ಲೋಹ ಮೆತ್ತಗೆ. ಎಂಬತ್ತನಾಲ್ಕು. ಎರಡನೆಯದು ಎಂಬತ್ತಮೂರು.

ತಿಪ್ಪೇಶ ಬಗ್ಗಿ ನೋಡಿ ತಲೆ ಕೆರೆದುಕೊಂಡ. "ನೆನ್ನೆ ಮಧ್ಯಾಹ್ನ ಹನ್ನೆರಡಕ್ಕೆ ನಾನೇ ಒಳಗಿಟ್ಟಿದ್ದು. ಬಾಗ್ಲ ಮೇಲೆ ಬರ್ದೂ ಇದ್ದೆ," ಎಂದವನು ಅಲ್ಲಿಗೇ ನಿಂತ. "ಅಯ್ಯೋ ನನ್ನ ಶನಿಯೇ. ನೆನ್ನೆ ಅಮಾಸೆ."

ಈ ಶೆಡ್ಡಿನಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಫರ್ನೇಸಿನ ಟೈಮರ್ ಮೊದಲಿನಿಂದ ಎಣಿಸಲು ಶುರು ಮಾಡುತ್ತಿತ್ತು. ಅದಕ್ಕೇ ಮಾಲು ಒಳಗಿಟ್ಟ ಹೊತ್ತನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ರೂಢಿ. ಟೈಮರಿಗಿಂತ ಸೀಮೆಸುಣ್ಣದ ಮೇಲೇ ಎಲ್ಲರಿಗೂ ನಂಬಿಕೆ. ನಿನ್ನೆ ನಾಲ್ಕು ಗಂಟೆಗೆ ತಿಪ್ಪೇಶ ಅಮಾವಾಸ್ಯೆಯ ಪೂಜೆಗೆಂದು ಬಾಗಿಲನ್ನು ಒದ್ದೆಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೂರು ಗೆರೆ ವಿಭೂತಿ ಎಳೆದು, ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದಿದ್ದ. ಹೊತ್ತನ್ನು ತಿರುಗಿ ಬರೆಯುವುದು ಮರೆತಿತ್ತು. ರಾತ್ರಿ ಪಾಳಿಯವನು ಪೂಜೆ ಆದ ಮೇಲೆ ಹೊಸ ಮಾಲು ತುಂಬಿರಬೇಕೆಂದುಕೊಂಡ. ಮಧ್ಯೆ ಕರೆಂಟು ಬೇರೆ ಹೋಯಿತು. ಆರು ಗಂಟೆ ಬೇಯಬೇಕಾದದ್ದು ಬೆಳಗಿನವರೆಗೆ ಹದಿನೆಂಟು ಗಂಟೆ ಬೆಂದಿತ್ತು.

"ದೇವ್ರು ಪೂಜೆ ಒಪ್ಕಂಡ, ಬ್ರಾಕೆಟ್ಟು ಒಪ್ಕಳ್ಲಿಲ್ಲ," ಎಂದು ನಗಲು ನೋಡಿದ ತಿಪ್ಪೇಶ.

ಸೂಪರ್‌ವೈಸರ್ ಗೌರೀಶ್ ಬಂದ. ಕೆಟ್ಟವನಲ್ಲ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಮೇಡಂ ಎಂದೇ ಕರೆಯುತ್ತಿದ್ದ. ರಿಪೋರ್ಟು ನೋಡಿ, ಗಡಿಯಾರ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ: "ರೂಲ್ಸ್ ಪ್ರಕಾರ ಮೂರು ಪೀಸು. ಮೂರೂ ಪಾಸಾಗಿವೆ. ನಾಲ್ಕನೇದನ್ನ ನಿಮ್ಮನ್ನ ಯಾರೂ ಕೇಳಿಲ್ಲ ಮೇಡಂ."

"ಐದನೇದೂ ಫೇಲು ಸಾರ್."

"ಅದನ್ನೂ ಯಾರೂ ಕೇಳಿಲ್ಲ." ಅವನು ಕುತ್ತಿಗೆ ಉಜ್ಜಿಕೊಂಡ. "ನೀವು ಹೋಗ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದೀರ ಅಂತ ನಂಗೊತ್ತು. ಸಹಿ ನಿಮ್ದು. ನೀವು ಹೆಂಗೆ ಹೇಳಿದ್ರೆ ಹಂಗೆ."

ಮೂರು ತುಂಡಿನ ಅಂಕಿ ಬರೆದದ್ದು ಸುಳ್ಳಲ್ಲ. ಎದ್ದು ಹೋಗಿ ನಡುಸಾಲಿನಿಂದ ತರದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಗೇಟಿನಲ್ಲಿರುತ್ತಿದ್ದಳು. ಯಾಕೆ ತಂದೆ? ತನ್ನದು ಒಳ್ಳೆಯತನವೋ ಬರೀ ಹೆದರಿಕೆಯೋ ಎಂಬುದು ಅವಳಿಗೆ ಯಾವತ್ತೂ ಖಚಿತವಾಗಿರಲಿಲ್ಲ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುವಾಗಲೂ ಅಷ್ಟೇ, ಉತ್ತರ ಸರಿಯಿದ್ದರೂ ಮೂರು ಸಲ ಕೂಡಿ ನೋಡಿ ಕೊನೆಯ ಪ್ರಶ್ನೆ ಬಿಟ್ಟು ಬರುತ್ತಿದ್ದಳು.

"ಫೇಲು ಅಂತ ಬರೀತೀನಿ ಸಾರ್," ಎಂದಳು. "ಮತ್ತೆ ಮೊದಲಿಂದ ಕಾಯಿಸೋಣ."

ಮೊದಲಿನಿಂದ ಕಾಯಿಸುವುದೆಂದರೆ ದೊಡ್ಡ ಫರ್ನೇಸಿನಲ್ಲಿ ಐನೂರ ಮೂವತ್ತು ಡಿಗ್ರಿಗೆ ಏರಿಸಿ, ಎರಡು ಗಂಟೆ ಬಿಟ್ಟು, ಹತ್ತು ಸೆಕೆಂಡಿನೊಳಗೆ ನೀರಿಗೆ ಇಳಿಸಿ, ಪರೀಕ್ಷೆ ಮಾಡಿ, ಗಟ್ಟಿಯಾಗಲು ಮತ್ತೆ ಚಿಕ್ಕ ಫರ್ನೇಸಿಗೆ ತುಂಬುವುದು. ನೀರಿಗಿಳಿಸುವಾಗ ಅವಳು ನಿಂತಿರಲೇಬೇಕು. ನಾಲ್ಕು ಗಂಟೆಯವರೆಗೆ ಕದಲುವಂತಿರಲಿಲ್ಲ.

ಫೋನ್ ಎತ್ತಿದ್ದು ಮೋನಿಷ. "ಹಲೋ, ಕೊರಟಗೆರೆ ಅಮ್ಮ? ಅಜ್ಜಿ ಒಳ್ಗಡೆ ಕೂತವ್ಳೆ, ಕಣ್ಣಿಗೆ ಡ್ರಾಪ್ಸ್ ಹಾಕವ್ರೆ."

"ಮೋನಿ, ನಂಗೆ ಬರಕ್ಕಾಗ್ತಿಲ್ಲಮ್ಮ. ಕೆಲಸ ಬಂದುಬಿಡ್ತು."

"ಸರಿ," ಎಂದಳು ಹುಡುಗಿ. ಬೇಸರವಿಲ್ಲದ ಸರಿ. ಬೇಸರವಿದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಲಕ್ಷ್ಮೀದೇವಿ.

"ನೀವೇ ಇಲ್ಲಿಗೆ ಬನ್ನಿ. ಕೊರಟಗೆರೆ ಬಸ್ ಹತ್ತಿ, ಕಂಡಕ್ಟರಿಗೆ ಫ್ಯಾಕ್ಟ್ರಿ ಗೇಟು ಅನ್ನು, ನಿಲ್ಲಿಸ್ತಾರೆ. ಬರ್ತೀಯಾ?"

"ಅಜ್ಜೀನ ಕೇಳ್ತೀನಿ."

ಒಂದೂವರೆಗೆ ಅವರು ಬಂದರು. ರಾಮಾಂಜಿನಮ್ಮ ಮೊಮ್ಮಗಳ ಹೆಗಲು ಹಿಡಿದು ನಡೆಯುತ್ತಿದ್ದಳು. ಶೆಡ್ಡಿನೊಳಗೆ ಕಾಲಿಟ್ಟವಳೇ ಸೆರಗಿನಿಂದ ಮುಖ ಒತ್ತಿಕೊಂಡಳು. "ಏಮ್ಮಾ ಲಕ್ಷ್ಮೀ! ಇದೇನೇ ಈ ಸೆಕೆ, ನಮ್ಮ ಪಾವಗಡದ ಬಿಸ್ಲೇ ವಾಸಿ. ಎಲ್ಲಿದೀಯ? ಡ್ರಾಪ್ಸ್ ಹಾಕ್ಬುಟ್ಟವ್ರೆ, ನೀನು ಬರೀ ಮಸುಕು ಮಸುಕಾಗಿ ಕಾಣ್ತೀಯ. ಸಣ್ಣಗಾಗಿದೀಯೋ ದಪ್ಪಗಾಗಿದೀಯೋ?"

"ಹಂಗೇ ಇದೀನಿ ಅತ್ತೆ."

"ಸುಳ್ಳೇಳ್ಬೇಡ. ಏ ಪಾಪ, ನೀ ಹೇಳೇ."

ಮೋನಿಷ ಅಮ್ಮನನ್ನು ನೋಡಿ ನಕ್ಕಳು. ಅವಳು ಎತ್ತರವಾಗಿದ್ದಳು. ಹೊಸ ಥರ ಜಡೆ ಹಾಕಿದ್ದಳು, ನಡುನೆತ್ತಿಯಿಂದ ಎರಡು ಎಳೆ ಹಿಂದಕ್ಕೆ ಹೆಣೆದದ್ದು. "ಯಾರು ಹಾಕಿದ್ದು?" ಎಂದಳು ಲಕ್ಷ್ಮೀದೇವಿ, ಜಡೆ ಮುಟ್ಟಿ.

"ಅಮ್ಮ," ಎಂದ ಹುಡುಗಿ ತುಟಿ ಕಚ್ಚಿ, "ದೊಡ್ಡಮ್ಮ," ಎಂದಳು.

"ಚೆನ್ನಾಗದೆ."

ಲ್ಯಾಬಿನಲ್ಲಿ ಫ್ಯಾನಿನ ಕೆಳಗೆ ಅತ್ತೆಯನ್ನು ಕೂರಿಸಿ, ತಿಪ್ಪೇಶನಿಂದ ಮೂರು ಊಟದ ಪೊಟ್ಟಣ ತರಿಸಿದಳು. ಚಿತ್ರಾನ್ನ, ಮೊಸರನ್ನ. ಹೋಟೆಲಿನಲ್ಲಿ ಕೊಡಿಸಬೇಕೆಂದುಕೊಂಡಿದ್ದ ಊಟ ಇದಾಗಿರಲಿಲ್ಲ. ತಿಂದಾದ ಮೇಲೆ ರಾಮಾಂಜಿನಮ್ಮ ಕುರ್ಚಿಯಲ್ಲೇ ಕಣ್ಣು ಮುಚ್ಚಿದಳು.

ಮಗಳನ್ನು ಆರು ತಿಂಗಳ ಮಟ್ಟಿಗೆ ಬಿಟ್ಟು ಬಂದದ್ದು. ಕೆಲಸ ಸಿಕ್ಕ ಹೊಸದರಲ್ಲಿ ಟ್ರೈನಿಂಗಿಗೆ ಕಳಿಸುತ್ತಾರೆಂದು, ಐದು ವರ್ಷದ ಮೋನಿಷಳನ್ನು ಅತ್ತೆಯ ಮನೆಯಲ್ಲಿ ಬಿಟ್ಟಿದ್ದಳು. ಆಮೇಲೆ ಪಾಳಿ ಕೆಲಸ, ಆಮೇಲೆ ಸಂಜೆ ಕಾಲೇಜು. ಗಂಡ ಮೋಹನ್ ಕುಮಾರ್ ಬೋರ್‌ವೆಲ್ ಲಾರಿಯೊಂದಿಗೆ ಊರೂರು ಅಲೆಯುವವನು, ಎರಡು ತಿಂಗಳಿಗೊಮ್ಮೆ ಬಂದರೆ ಮನೆಯೆಂದು ಹೋಗುತ್ತಿದ್ದುದು ತಾಯಿಯ ಮನೆಗೇ. ಅಲ್ಲಿ ಭಾವ, ಓರಗಿತ್ತಿ, ಅವರ ಮೂರು ಮಕ್ಕಳು, ಎಮ್ಮೆ, ಟೀವಿ, ತುಂಬಿದ ಮನೆ. ಯಾರೂ ಜಗಳವಾಡಲಿಲ್ಲ. ಯಾರೂ ಮಗುವನ್ನು ಕಿತ್ತುಕೊಳ್ಳಲಿಲ್ಲ. ಮಗಳು ದೂರವಾದದ್ದು ಈ ದಿನವೇ ಎಂದು ತೋರಿಸಲು ಒಂದು ದಿನವೂ ಇರಲಿಲ್ಲ. ಏಳು ವರ್ಷವಾಗಿತ್ತು.

"ಇವೇನು ಫೋಟೋ?" ಮೋನಿಷ ಗೋಡೆಯ ಮುಂದೆ ನಿಂತಿದ್ದಳು. ಗಾಜು ಹಾಕಿದ ಮೂರು ಕಪ್ಪುಬಿಳುಪು ಚಿತ್ರಗಳು, ದೂರದ ಯಾವುದೋ ದೊಡ್ಡ ಪ್ರಯೋಗಾಲಯದವರು ತೆಗೆದುಕೊಟ್ಟವು.

"ಈ ಬ್ರಾಕೆಟ್ಟಿನ ಲೋಹದ ಒಳಗಡೆ ಹಿಂಗಿರ್ತದೆ. ನಮ್ಮ ಮೈಕ್ರೋಸ್ಕೋಪಿಗೆ ಇಷ್ಟು ಸಣ್ಣದು ಕಾಣಲ್ಲ."

"ರಾಗಿ ಚೆಲ್ಲಿದಂಗದೆ." ಅವಳು ಮೊದಲ ಚಿತ್ರದ ಮೇಲೆ ಬೆರಳಿಟ್ಟಳು. ಆಮೇಲೆ ಮೂರನೆಯದರ ಮೇಲೆ. "ಇದ್ರಲ್ಲಿ ಕಮ್ಮಿ ಅವೆ. ದಪ್ಪ ದಪ್ಪ."

"ಆ ಸಣ್ಣವು ತುಂಬ ಇದ್ರೇ ಲೋಹ ಗಟ್ಟಿ. ಇದು ಜಾಸ್ತಿ ಹೊತ್ತು ಬಿಸೀಲಿ ಬಿಟ್ಟಿದ್ದು. ಇವತ್ತು ನಮ್ಮದು ಕೆಟ್ಟಿರೋದೂ ಹಂಗೇ."

"ಸಣ್ಣವೆಲ್ಲ ಎಲ್ಲೋದ್ವು?"

"ಕರಗಿ ಹೋದ್ವು. ಕರಗಿ ದೊಡ್ಡವಕ್ಕೆ ಸೇರ್ಕೊಂಡ್ವು."

"ಗಟ್ಟಿ ಕಬ್ಬಿಣದೊಳಗೆ ಹೆಂಗೆ ಹೋಗ್ತವೆ?"

"ಕಬ್ಬಿಣ ಅಲ್ಲ, ಅಲ್ಯೂಮಿನಿಯಂ. ಒಂದೊಂದೇ ಅಣು ಜಾಗ ಬಿಟ್ಟು ಜಾಗಕ್ಕೆ ಹೋಗ್ತಾ ಇರ್ತದೆ. ಸಣ್ಣದರ ಹತ್ರ ನಿಲ್ಲಕ್ಕೆ ಅದಕ್ಕೆ ಕಷ್ಟ, ದೊಡ್ಡದರ ಹತ್ರ ಸಲೀಸು. ಅದಕ್ಕೇ ದೊಡ್ಡದು ಇನ್ನೂ ದೊಡ್ಡದಾಗ್ತದೆ. ಸಣ್ಣದು..." ಪಾಠ ಮಾಡುತ್ತಿದ್ದೇನೆ ಅನಿಸಿ ಅವಳಿಗೆ ನಾಚಿಕೆಯಾಯಿತು. ಇಂಥ ಮಾತಿಗಾ ಆರು ತಿಂಗಳು ಕಾದದ್ದು?

ಆದರೆ ಹುಡುಗಿ ಕೇಳುತ್ತಿದ್ದಳು. "ಆಚೆಯಿಂದ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಅದೇ ಬಣ್ಣ, ಅದೇ ತೂಕ. ಒತ್ತಿ ನೋಡಿದ್ರೆ ಮಾತ್ರ."

"ಮತ್ತೆ ಸಣ್ಣವು ವಾಪಸ್ ಬರಲ್ವಾ?"

"ಬರ್ತವೆ. ಎಲ್ಲಾನೂ, ಆ ದಪ್ಪದವೂ ಸೇರಿ, ಪೂರ್ತಿ ಕರಗೋ ಥರ ಕಾಯಿಸ್ಬೇಕು. ಇನ್ನೊಂಚೂರು ಹೆಚ್ಚಾದ್ರೆ ಲೋಹಾನೇ ಕರಗೋಗ್ತದೆ, ಅಷ್ಟು. ಆಮೇಲೆ ತಕ್ಷಣ ನೀರಿಗೆ ಹಾಕ್ಬೇಕು. ಆಗ ಹೊಸದಾಗಿ ಶುರು ಆಗ್ತದೆ."

ಹೊರಗಿನಿಂದ ತಿಪ್ಪೇಶ ಕೂಗಿದ: "ಅಕ್ಕಾ, ಟೈಮಾಯ್ತು!"

ಮೋನಿಷಳನ್ನು ಹಳದಿ ಗೆರೆಯ ಆಚೆ ನಿಲ್ಲಿಸಿದಳು ಲಕ್ಷ್ಮೀದೇವಿ. ಹುಡುಗಿ ನಿಲ್ಲದೆ ಮುಂದಕ್ಕೆ ಬಂದಳು. ತಿಪ್ಪೇಶ ಮುಖಗವಸು ಇಳಿಸಿಕೊಳ್ಳುತ್ತ ನಕ್ಕ. "ಬುಡಿ ಅಕ್ಕ, ಅದೂ ಕೆಲ್ಸ ಮಾಡ್ಲಿ. ಲೇ ಪುಟ್ಟಿ, ನಾನು ಬಾಗ್ಲು ತೆಗೆದ ತಕ್ಷಣ ಎಣ್ಸು. ಹತ್ತರೊಳ್ಗೆ ನೀರಿಗೆ ಹೋಗ್ಬೇಕು. ಜೋರಾಗಿ ಎಣ್ಸ್ಬೇಕು, ನಿಮ್ಮಮ್ಮನ ಥರ ಗೊಣಗಬಾರ್ದು."

"ಹತ್ತು ದಾಟಿದ್ರೆ?"

"ದಾಟಿದ್ರೆ ನಿಮ್ಮಮ್ಮ ನನ್ನನ್ನ ಒಳಗಿಟ್ಟು ಬಾಗ್ಲು ಹಾಕ್ತಾರೆ."

ಬಾಗಿಲು ಮೇಲೆದ್ದಿತು. ಬಿಸಿ ಗೋಡೆಯ ಹಾಗೆ ಬಂದು ಬಡಿಯಿತು. ಮೋನಿಷಳ ಮುಖ ಒಮ್ಮೆಲೇ ಕೆಂಪಾಗಿ, ಹಣೆಯ ಮೇಲಿನ ಪುಡಿಕೂದಲು ಹಿಂದಕ್ಕೆ ಹಾರಿದವು. ಲಕ್ಷ್ಮೀದೇವಿ ಗಾಬರಿಯಿಂದ ಅವಳ ಎರಡೂ ತೋಳು ಹಿಡಿದು ತನ್ನತ್ತ ಎಳೆದುಕೊಂಡಳು. ಹುಡುಗಿಯ ಬೆನ್ನು ಅವಳ ಎದೆಗೊರಗಿತು. ಅಷ್ಟರಲ್ಲಿ ಎಣಿಕೆ ಶುರುವಾಗಿತ್ತು, ತಿಪ್ಪೇಶ ಹೇಳಿದ್ದಂತೆ ಹುಡುಗಿ ಜೋರಾಗಿಯೇ ಎಣಿಸುತ್ತಿದ್ದಳು.

"ಒಕಟಿ! ರೆಂಡು! ಮೂಡು!"

ಟ್ರೇ ಹಳಿಯ ಮೇಲೆ ಕಿರುಗುಟ್ಟುತ್ತ ಹೊರಬಂತು.

"ನಾಲುಗು! ಐದು! ಆರು!"

ಲಕ್ಷ್ಮೀದೇವಿಯ ತವರು ಶಿರಾದ ಹತ್ತಿರದ ತಾವರೆಕೆರೆ. ಅವಳಿಗೆ ತೆಲುಗು ಬಾರದು. ಮದುವೆಯಾದ ಹೊಸದರಲ್ಲಿ ಗಂಡನ ಮನೆಯವರು ತಮ್ಮತಮ್ಮಲ್ಲಿ ಮಾತಾಡುವಾಗ ಸುಮ್ಮನೆ ಕೂತಿರುತ್ತಿದ್ದಳು. ಐದು ವರ್ಷದ ಮೋನಿಷಳಿಗೆ ಒಂದರಿಂದ ಇಪ್ಪತ್ತರವರೆಗೆ ಹುಣಸೆಬೀಜ ಇಟ್ಟು ಎಣಿಸಲು ಕಲಿಸಿದ್ದು ಅವಳೇ. ಒಂದು, ಎರಡು, ಮೂರು.

"ಏಡು! ಎನಿಮಿದಿ!"

ಟ್ರೇ ನೀರಿನೊಳಕ್ಕೆ ಹೋಯಿತು. ತೊಟ್ಟಿ ಒಮ್ಮೆ ಗರ್ಜಿಸಿ, ಹಬೆ ಚಾವಣಿಯವರೆಗೆ ಏರಿ, ಏನೂ ಕಾಣದಂತಾಯಿತು. ಹುಡುಗಿ ಕುಣಿಯುತ್ತಿದ್ದಳು. "ಎಂಟೇ! ಎಂಟಕ್ಕೇ ಹೋಯ್ತು!"

"ಎಲಾ ಇವ್ಳ, ತೆಲುಗಲ್ಲಿ ಎಣ್ಸ್ತವ್ಳೆ," ಎಂದ ತಿಪ್ಪೇಶ ಹಬೆಯೊಳಗಿಂದ. "ನನ್ನ ಎಂಟು, ನಿನ್ನ ಎಂಟು ಒಂದೇನಾ?"

"ಜೋರಾಗಿ ಎಣ್ಸುವಾಗ ಹಂಗೇ ಬರೋದು," ಎಂದು ನಕ್ಕಳು ಮೋನಿಷ. ಇನ್ನೂ ಅಮ್ಮನ ಎದೆಗೆ ಒರಗಿಕೊಂಡೇ ಇದ್ದಳು. ಲಕ್ಷ್ಮೀದೇವಿ ತೋಳು ಸಡಿಲಿಸಲಿಲ್ಲ. ಹಬೆ ಇಳಿಯುವವರೆಗೆ ಹಾಗೇ ನಿಂತಿದ್ದರು.

ಮೂರೂ ಕಾಲಿಗೆ ಗೇಟಿಗೆ ಬಂದರು. ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತ ರಾಮಾಂಜಿನಮ್ಮ ಕಣ್ಣುಜ್ಜಿ, ಸೊಸೆಯ ಮುಖವನ್ನು ಹತ್ತಿರದಿಂದ ನೋಡಲು ಯತ್ನಿಸಿದಳು.

"ರೂಮು ನೋಡಾಕೆ ಆಗ್ಲೇ ಇಲ್ಲ."

"ಇಲ್ಲ ಅತ್ತೆ."

"ಹೋಗ್ಲಿ ಬುಡು. ಟೀಸಿ ವಿಷ್ಯ ಏನ್ ಮಾಡಾನ? ಎಡ್ಮಾಷ್ಟ್ರು ಈ ವಾರ್ದಲ್ಲೇ ಹೇಳಿ ಅಂದವ್ರೆ. ಬಸ್ಸಲ್ಲಿ ಬರ್ತಾ ಇವ್ಳನ್ನ ಕೇಳ್ದೆ. ಅಮ್ಮ ಹೆಂಗೆ ಹೇಳಿದ್ರೆ ಹಂಗೆ ಅಂತು."

ಮೋನಿಷ ರಸ್ತೆಯ ಕಡೆ ನೋಡುತ್ತಿದ್ದಳು. ಜಡೆಯ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬೇಡ ಎಂದು ಅವಳು ಹೇಳುವುದಿಲ್ಲ. ಬಾ ಎಂದರೆ ಬರುತ್ತಾಳೆ. ಅವಳ ಬಟ್ಟೆ, ಪುಸ್ತಕ ಒಂದು ಬ್ಯಾಗಿನಲ್ಲಿ ಹಿಡಿಯುತ್ತವೆ.

"ಮೋನಿ, ಅಲ್ಲಿ ರಾತ್ರಿ ಯಾರ ಪಕ್ಕ ಮಲಗ್ತೀಯ?"

ಈ ಪ್ರಶ್ನೆಗೆ ಹುಡುಗಿ ಸಿದ್ಧಳಿರಲಿಲ್ಲ. "ಬುಜ್ಜಿ ಪಕ್ಕ. ದೊಡ್ಡಮ್ಮನ ಕೊನೇದು. ನಾನಿಲ್ದಿದ್ರೆ ಅದು ಮಲಗಲ್ಲ," ಎಂದಳು. ಹೇಳುವಾಗ ಅವಳ ಮುಖ ಬೆಳಗಿತು. ಆಮೇಲೆ ತಪ್ಪು ಮಾತಾಡಿದವಳಂತೆ ಅಜ್ಜಿಯನ್ನು ನೋಡಿದಳು.

ದೂರದ ತಿರುವಿನಲ್ಲಿ ಮಧುಗಿರಿ ಬಸ್ಸು ಕಂಡಿತು. ಲಕ್ಷ್ಮೀದೇವಿ ಬಾಯಿ ತೆರೆದಳು. ಆ ಸಾಲು ನಾಲಗೆಯ ತುದಿಯಲ್ಲೇ ಇತ್ತು, ಇಷ್ಟು ದಿನ ಹೇಳಿ ಹೇಳಿ ಸವೆದ ಸಾಲು.

"ಟೀಸಿ ಬೇಡ ಅತ್ತೆ," ಎಂದಳು. "ಏಳನೇದು ಅಲ್ಲೇ ಮುಗೀಲಿ."

ರಾಮಾಂಜಿನಮ್ಮ ಸೊಸೆಯ ಕೈ ಹುಡುಕಿ ಹಿಡಿದು, ಒತ್ತಿ ಬಿಟ್ಟಳು. ಮೋನಿಷ ಕತ್ತೆತ್ತಿ ಅಮ್ಮನನ್ನು ನೋಡಿದಳು. ಸಮಾಧಾನವೋ, ತನ್ನನ್ನು ಬೇಡವೆಂದಳೋ ಎಂಬ ಅನುಮಾನವೋ, ಅದನ್ನು ತಿಳಿಯುವಷ್ಟರಲ್ಲಿ ಬಸ್ಸು ಬಂದು ನಿಂತು, ಕಂಡಕ್ಟರು "ಬೇಗ ಹತ್ತಮ್ಮೋ, ಅಜ್ಜಿ ಕೈ ಹಿಡಿ" ಎಂದು ಕೂಗತೊಡಗಿದ್ದ. "ರಜಕ್ಕೆ ಬರ್ತೀನಿ," ಎಂದಳು ಹುಡುಗಿ ಮೆಟ್ಟಿಲ ಮೇಲಿಂದ. "ಬುಜ್ಜೀನೂ ಕರ್ಕೊಂಡು ಬರ್ಲಾ?"

"ಕರ್ಕೊಂಡು ಬಾ," ಎಂದಳು ಲಕ್ಷ್ಮೀದೇವಿ. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಲ್ಯಾಬಿಗೆ ಬಂದು ಕೈ ತೊಳೆದಳು. ನೀರಿನಿಂದ ಎತ್ತಿದ ಬ್ರಾಕೆಟ್ಟುಗಳಲ್ಲಿ ಈ ಸಲ ನಡುಸಾಲಿನಿಂದಲೇ ಒಂದನ್ನು ತೆಗೆದು, ಒರೆಸಿ, ಯಂತ್ರದ ಕೆಳಗಿಟ್ಟಳು. ಲಿವರ್ ಎಳೆದು, ಬಿಟ್ಟು, ಮಸೂರಕ್ಕೆ ಕಣ್ಣಿಟ್ಟಳು. ಗುಳಿಯ ಅಂಚು ಎರಡೆರಡಾಗಿ ಕಂಡಿತು. ಕಣ್ಣು ಮುಚ್ಚಿ ತೆರೆದಳು. ಮತ್ತೆ ಎರಡು.

"ತಿಪ್ಪೇಶ, ಬಾ ಇಲ್ಲಿ. ನೀನು ಓದು."

"ನಾನಾ? ಯಾಕಕ್ಕ, ನಿಮ್ಗೂ ಡ್ರಾಪ್ಸ್ ಹಾಕವ್ರಾ?" ಎಂದು ನಗುತ್ತ ಬಂದವನು ಅವಳ ಮುಖ ನೋಡಿ ಮಸೂರದ ಮುಂದೆ ನಿಂತ. ಬಗ್ಗಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ಅಳತೆ ಓದಿದ. ಅವಳು ಪಟ್ಟಿ ನೋಡಿ ಬರೆದುಕೊಂಡಳು. ಅರವತ್ತೊಂದು. ನೀರಿನಿಂದ ಎದ್ದ ಕೂಡಲೇ ಹಾಗೇ ಇರಬೇಕು, ಮೆತ್ತಗೆ; ಗಟ್ಟಿಯಾಗುವುದು ಇನ್ನು ಚಿಕ್ಕ ಫರ್ನೇಸಿನಲ್ಲಿ. ಎಲ್ಲ ಸರಿಯಾಗಿಯೇ ಕರಗಿತ್ತು.

"ಹಂಗಾದ್ರೆ ಒಳಗೆ ತುಂಬ್ಲಾ?"

"ಒಂದತ್ತು ನಿಮಿಷ ಇರು."

"ಯಾಕಕ್ಕ?"

"ನೀರು ಇಳೀಲಿ."

ತಿಪ್ಪೇಶ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತ. ಅವಳು ನಿಂತೇ ಇದ್ದಳು. ನಾನೂರು ಬ್ರಾಕೆಟ್ಟುಗಳಿಂದ ನೀರು ತೊಟ್ಟು ತೊಟ್ಟಾಗಿ ಸಿಮೆಂಟು ನೆಲಕ್ಕೆ ಬೀಳುತ್ತಿತ್ತು, ಮೊದಲು ಮಳೆಯ ಹಾಗೆ ಒಟ್ಟಿಗೆ, ಆಮೇಲೆ ಬಿಡಿಬಿಡಿಯಾಗಿ, ಆಮೇಲೆ ಎಲ್ಲೋ ಒಂದು ಮೂಲೆಯಿಂದ, ತಡೆದು ತಡೆದು.